ಒಂದು ಕೇಬಲ್, ಎರಡು ಗಾಯ

ಬೆಳಿಗ್ಗೆ ಆರೂಕಾಲು. ತೀರ್ಥಹಳ್ಳಿ ರಸ್ತೆಯ ಅಂಚಿನಲ್ಲಿ ಜೆಸಿಬಿ ಸುಮ್ಮನೆ ನಿಂತಿದೆ, ಅದರ ಡ್ರೈವರ್ ಬೀಡಿ ಹಚ್ಚಿ ಕುಳಿತಿದ್ದಾನೆ. ಕೆಲಸ ಮಾಡುತ್ತಿರುವುದು ಗುತ್ತಿಗೆದಾರರೊಬ್ಬರೇ. ಗುತ್ತಿಗೆದಾರ ಎಂದರೆ ಬಿಳಿ ಶರ್ಟು, ಜೀಪು ಎಂದುಕೊಂಡವರು ಇಲ್ಲಿ ಮೋಸಹೋಗುವುದು ಖಂಡಿತ. ಲುಂಗಿ ಎತ್ತಿ ಕಟ್ಟಿ ಸೊಂಟದಾಳದ ಗುಂಡಿಗೆ ಇಳಿದಿರುವ ಜಟ್ಟಿಂಗಪ್ಪ ಪಿಕಾಸಿಯನ್ನು ಮೇಲಿಟ್ಟು, ಅಡಿಕೆ ಮರ ಸೀಳಿದ ದಬ್ಬೆಯ ತುಂಡಿನಿಂದ ಮಣ್ಣು ಕೆರೆಯುತ್ತಿದ್ದಾರೆ. ಕೊನೆಯ ಅರ್ಧ ಅಡಿಗೆ ಕಬ್ಬಿಣ ಮುಟ್ಟಿಸಬಾರದು ಎಂಬುದು ಅವರೇ ಮಾಡಿಕೊಂಡ ಕಾನೂನು. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ದಪ್ಪದ ಕಪ್ಪು ಕೇಬಲ್ ಕಾಣುತ್ತದೆ.

"ಬಂದ್ರಲ್ಲ ಯಜಮಾನ್ರು," ಎಂದು ಅವರು ಕೇಬಲ್ಲನ್ನೇ ಮಾತಾಡಿಸುತ್ತಾರೆ. "ನಕ್ಷೆ ಪ್ರಕಾರ ಇವ್ರು ರಸ್ತೆಯ ಆ ಬದಿ ಇರ್ಬೇಕಿತ್ತು, ನೋಡಿ."

ಐವತ್ತು ದಾಟಿದ ಜಟ್ಟಿಂಗಪ್ಪ ತುಮರಿ ಕಡೆಯವರು. ಅಪ್ಪ ಗೇಣಿ ಮಾಡಿ ಭೂಮಿ ಪಡೆದವರು. ಮಗ ಹತ್ತೊಂಬತ್ತಕ್ಕೇ ಟೆಲಿಫೋನ್ ಕೇಬಲ್ ಹಾಕುವವರ ಹಿಂದೆ ಮಣ್ಣು ಹೊರಲು ಹೋದರು. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಗುಂಡಿ ತೋಡಿ, ಕೊನೆಗೆ ತಮ್ಮದೇ ಹೆಸರಿನಲ್ಲಿ ಲೈಸೆನ್ಸ್ ಮಾಡಿಸಿದರು. ಈಗ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಪೈಪಿಗೆ ಕಾಲುವೆ ತೋಡಿಸುತ್ತಾರೆ. ಜೊತೆಗೆ ಹನ್ನೊಂದು ಜನ. ಪ್ರತಿ ಇಪ್ಪತ್ತು ಹೆಜ್ಜೆಗೆ ಒಂದು ಗುಂಡಿಯನ್ನು ಕೈಯಲ್ಲೇ ತೋಡಿ, ಕೆಳಗೇನಿದೆ ಎಂದು ನೋಡಿದ ಮೇಲಷ್ಟೇ ಜೆಸಿಬಿಗೆ ಅಪ್ಪಣೆ. ಹಾಗಾಗಿ ಬೇರೆಯವರು ದಿನಕ್ಕೆ ಮುನ್ನೂರು ಮೀಟರ್ ಮುಗಿಸಿದರೆ ಇವರದ್ದು ನೂರೈವತ್ತು ಆದರೆ ಹೆಚ್ಚು.

ನೆಲದಡಿಯಲ್ಲಿ ಕೇಬಲ್ ಇದೆ ಎಂದು ಗೊತ್ತಾಗುವುದಾದರೂ ಹೇಗೆ? "ಒಂದ್ಸಲ ತೋಡಿದ ಮಣ್ಣು ಮತ್ತೆ ಹಳೇ ಬಣ್ಣಕ್ಕೆ ಬರಲ್ಲ ಮಾರಾಯ್ರೆ. ಮೇಲಿನ ಕಪ್ಪು, ಕೆಳಗಿನ ಕೆಂಪು ಕಲಸಿಕೊಂಡಿರ್ತದೆ. ನಕ್ಷೆಯಲ್ಲಿ ಗೆರೆ ನೆಟ್ಟಗೆ ಹೋಗ್ತದೆ. ನೆಲದಲ್ಲಿ ಜಂಬಿಟ್ಟಿಗೆ ಕಲ್ಲು ಅಡ್ಡ ಬಂದ್ರೆ ಹಾಕೋರು ಸುತ್ತು ಹಾಕ್ಕೊಂಡು ಹೋಗಿರ್ತಾರೆ. ಕಲ್ಲು ಒಡೆಯೋಕೆ ಯಾರಿಗೆ ಬೇಕು?"

ಇಷ್ಟು ಜಾಗ್ರತೆಯ ಮನುಷ್ಯನ ಮೇಲೇ ಕೇಬಲ್ ಕಡಿದ ಆರೋಪ ಬಂತು ಎಂಬುದೇ ಸೋಜಿಗ. ಕಳೆದ ಬೇಸಿಗೆಯಲ್ಲಿ ಹೊಸನಗರ ಕಡೆಯ ಮೂರು ಊರುಗಳಲ್ಲಿ ಇದ್ದಕ್ಕಿದ್ದಂತೆ ಇಂಟರ್ನೆಟ್ ಹೋಯಿತು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ನಿಂತಿತು, ಅಕ್ಕಿಗೆ ಬಂದವರು ಚೀಲ ಮಡಚಿಕೊಂಡು ವಾಪಸಾದರು. ಕೇಬಲ್ ಕಂಪನಿಯವರು ಕೇಬಲ್ಲಿನ ಒಂದು ತುದಿಯಿಂದ ಒಳಗೆ ಬೆಳಕು ಹಾಯಿಸಿ, ಎಷ್ಟು ದೂರದಲ್ಲಿ ತುಂಡಾಗಿದೆ ಎಂದು ಹೇಳುವ ಯಂತ್ರ ತಂದರು. ಅದು ಸಾವಿರದ ಎಂಟುನೂರ ಅರವತ್ತು ಮೀಟರ್ ಎಂದಿತು. ರಸ್ತೆಯ ಮೇಲೆ ಟೇಪು ಹಿಡಿದರೆ ಸಿಕ್ಕಿದ್ದು ಜಟ್ಟಿಂಗಪ್ಪ ಹಿಂದಿನ ವಾರವಷ್ಟೇ ಮುಚ್ಚಿದ್ದ ಕಾಲುವೆ. ಇನ್ನೇನು ಸಾಕ್ಷಿ ಬೇಕು! ತುರ್ತಿಗೆ ಕಂಬಗಳ ಮೇಲೆ ಬೇರೆ ಕೇಬಲ್ ಎಳೆದರೇ ಹೊರತು ನೆಲ ಅಗೆದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ನಷ್ಟ ತುಂಬಿಕೊಡಿ, ಇಲ್ಲವಾದರೆ ಗುತ್ತಿಗೆದಾರರ ಪಟ್ಟಿಯಿಂದ ಹೆಸರು ತೆಗೆಸುತ್ತೇವೆ ಎಂದು ನೋಟಿಸ್ ಬಂತು.

"ದುಡ್ಡು ಹೆಂಗೋ ಹೊಂದಿಸ್ಬಹುದಿತ್ತು. ಹೆಸ್ರು ಹೋದ್ರೆ ಇವ್ರು ಮತ್ತೆ ಇನ್ನೊಬ್ಬರ ಗುಂಡಿಗೆ ಇಳೀಬೇಕು. ಆ ಹನ್ನೊಂದು ಮನೆಯವ್ರ ಕತೆ ಎಂತ?" ಎಂದು ಆ ದಿನಗಳನ್ನು ನೆನೆಯುತ್ತಾರೆ ಹೆಂಡತಿ ಜಲಜಮ್ಮ. ಗಂಡ ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲವಂತೆ.

ಜಟ್ಟಿಂಗಪ್ಪ ಎಲ್ಲರೆದುರು ಅಗೆದು ನೋಡೋಣ ಎಂದು ಅರ್ಜಿ ಬರೆದರು. ಕಂಪನಿಯ ಕಡೆಯಿಂದ ಎಂಜಿನಿಯರ್ ವಿನಯಾ ಬಂದರು. ಹೇಳಿದ ಜಾಗ ಅಗೆದರೆ ಕೇಬಲ್ ಗಟ್ಟಿಮುಟ್ಟಾಗಿ ಮಲಗಿದೆ! ಯಂತ್ರ ಸುಳ್ಳು ಹೇಳುವುದಿಲ್ಲ ಎಂದರು ವಿನಯಾ. ಆಗ ಗುಂಡಿಯೊಳಗಿನಿಂದಲೇ ಜಟ್ಟಿಂಗಪ್ಪ ಒಂದು ಪ್ರಶ್ನೆ ಕೇಳಿದರು: "ಮೇಡಂ, ದಾರಿ ಮಧ್ಯದ ಚೇಂಬರು ಗುಂಡಿಗಳಲ್ಲಿ ಕೇಬಲ್ ಸುರುಳಿ ಸುತ್ತಿ ಇಟ್ಟಿರ್ತೀರಲ್ಲ, ಅದನ್ನೂ ನಿಮ್ ಮಿಷನ್ ಅಳೀತದಾ?"

ವಿನಯಾ ಚೇಂಬರುಗಳ ಕಡತ ಬಿಚ್ಚಿದರು. ಹೌದು, ಯಂತ್ರ ಸುರುಳಿಯನ್ನೂ ಅಳೆಯುತ್ತದೆ. ಟೇಪು ಅಳೆಯುವುದಿಲ್ಲ. ಮೂರು ಚೇಂಬರುಗಳಲ್ಲಿ ತಲಾ ಹದಿನಾರು ಮೀಟರ್ ಸುರುಳಿ, ಒಟ್ಟು ನಲವತ್ತೆಂಟು. ಅಷ್ಟು ಹಿಂದೆ ಬಂದು ಮೋರಿಯ ಪಕ್ಕ ಅಗೆದರೆ ಹೆಗ್ಗಣದ ಬಿಲ, ನಡುವೆ ಅದು ಕಡಿದು ತುಂಡು ಮಾಡಿದ ಕೇಬಲ್. ಜಟ್ಟಿಂಗಪ್ಪನವರ ಕಾಲುವೆ ಶುರುವಾಗುವುದೇ ಮೋರಿ ದಾಟಿದ ಮೇಲೆ. ಎಲ್ಲರೂ ಕೈಕುಲುಕಿದರು, ಯಾರೋ ಚಹಾ ತರಿಸಿದರು.

ಚಹಾ ಕುಡಿದು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ ಪುಣ್ಯಾತ್ಮ! ಲೋಟ ಕೆಳಗಿಟ್ಟು, "ಮೇಡಂ, ಇನ್ನೊಂದು ಇದೆ," ಎಂದರು. ಮೊದಲು ಅಗೆದ ಜಾಗದಿಂದ ಮೂವತ್ತು ಹೆಜ್ಜೆ ಮುಂದೆ, ಪೈಪಿನ ಲಾರಿ ಕಾಯುತ್ತಿದ್ದ ಆತುರದಲ್ಲಿ ಅವರು ದಬ್ಬೆ ಬಿಟ್ಟು ಪಿಕಾಸಿಯನ್ನೇ ಹಾಕಿದ್ದರು. ಕೇಬಲ್ಲಿನ ಮೇಲಿನ ಹೊದಿಕೆ ಸೀಳಿತ್ತು. ಹೆದರಿ, ಹಳೆಯ ಸೈಕಲ್ ಟ್ಯೂಬ್ ಸುತ್ತಿ, ಯಾರಿಗೂ ಹೇಳದೆ ಮುಚ್ಚಿದ್ದರು. ಅಗೆದರೆ ಟ್ಯೂಬ್ ಹಾಗೆಯೇ ಇತ್ತು.

"ಬಾಯಿ ಮುಚ್ಕೊಂಡು ಬರೋಕಾಗ್ಲಿಲ್ವಾ ಅಂತ ಬೈದೆ," ಎನ್ನುತ್ತಾರೆ ಜಲಜಮ್ಮ. ಬೈಯದೆ ಇನ್ನೇನು ಮಾಡಿಯಾರು, ಕೈಗೆ ಬಂದ ಹೆಸರನ್ನು ಗಂಡ ಮತ್ತೆ ಪಣಕ್ಕಿಟ್ಟು ಬಂದಿದ್ದರು. ಜಟ್ಟಿಂಗಪ್ಪ ತಲೆ ಕೆರೆದುಕೊಳ್ಳುತ್ತಾರೆ. "ಮಳೆಗಾಲದಲ್ಲಿ ಅದ್ರೊಳಗೆ ನೀರು ಹೋಗ್ತಿತ್ತು. ಆಗ ಅಲ್ಲಿ ಇನ್ಯಾರೋ ಕಾಲುವೆ ತೋಡ್ತಿರ್ತಿದ್ರು. ಅವ್ರ ತಲೆ ಮೇಲೆ ಬೀಳ್ತಿತ್ತು. ಮಾಡದ ತಪ್ಪು ತಲೆ ಮೇಲೆ ಬಿದ್ರೆ ಹೆಂಗಿರ್ತದೆ ಅಂತ ಹದಿನೈದು ದಿನದಲ್ಲಿ ನಂಗೆ ಗೊತ್ತಾಗಿತ್ತಲ್ಲ."

ಕಂಪನಿಯ ವರದಿಗೆ ಹತ್ತು ದಿನ ಕಾಯಬೇಕಾಯಿತು. ನೋಟಿಸ್ ವಾಪಸಾಯಿತು, ಪಟ್ಟಿಯಲ್ಲಿ ಹೆಸರು ಉಳಿಯಿತು. ಹೊದಿಕೆ ರಿಪೇರಿಯ ಖರ್ಚನ್ನು ಜಟ್ಟಿಂಗಪ್ಪ ತಾವೇ ಕೊಟ್ಟರು. ವಿನಯಾ ಸಹಿ ಮಾಡಿದ ಆ ಎರಡು ಪುಟಕ್ಕೆ ಅವರು ಲ್ಯಾಮಿನೇಷನ್ ಹಾಕಿಸಿದ್ದಾರೆ. ಬಂದವರಿಗೆಲ್ಲ ತೋರಿಸುವುದಿಲ್ಲ, ಕೇಳಿದರೆ ಮಾತ್ರ ಬೀರುವಿನಿಂದ ತೆಗೆಯುತ್ತಾರೆ.

"ಇದ್ರಲ್ಲಿ ನನ್ನ ಹೆಸ್ರು ಎರಡು ಕಡೆ ಇದೆ," ಎಂದು ಮಣ್ಣಾದ ಬೆರಳನ್ನು ಲುಂಗಿಗೆ ಒರೆಸಿಕೊಂಡು ಸಾಲು ತೋರಿಸುತ್ತಾರೆ. "ಇಲ್ಲಿ, ನಾನು ಮಾಡಿದ್ದಲ್ಲ ಅಂತ. ಇಲ್ಲಿ, ನಾನೇ ಮಾಡಿದ್ದು ಅಂತ. ಎರಡೂ ನಿಜ."