ಶರಣಪ್ಪನ ಹೆಸರಿಗೆ ಬಿದ್ದ ಬಾಕಿ

ನಿವೃತ್ತನಾದ ಮೇಲೆ ನನಗೆ ಸಂಬಳವಿಲ್ಲದ ಒಂದು ನೌಕರಿ ಸಿಕ್ಕಿದೆ. ಖೂಬಾ ಪ್ಲಾಟಿನ ನಮ್ಮ ಓಣಿಯಲ್ಲಿ ಯಾರ ಮೊಬೈಲಿಗೆ ಬ್ಯಾಂಕಿನ ಸಂದೇಶ ಬಂದರೂ ಅದರ ಅರ್ಥ ಹೇಳುವುದು. ಡೆಬಿಟ್ ಎಂಬ ಅಕ್ಷರ ಕಂಡರೆ ಸಾಕು, ಜನ ರಕ್ತಪರೀಕ್ಷೆಯ ಕಾಗದ ಹಿಡಿದವರ ಮುಖ ಮಾಡಿಕೊಂಡು ನಮ್ಮ ಕಟ್ಟೆಗೆ ಬರುತ್ತಾರೆ. ನಾನು ಓದಿದ್ದು ಹತ್ತನೆಯ ತರಗತಿ. ಆದರೆ ಜಗತ್ ವೃತ್ತದ ಬಳಿಯ ಸಗಟು ಬಟ್ಟೆ ಅಂಗಡಿಯೊಂದರಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಬರೆದ ಮುನೀಮ. ಹಾಗಾಗಿ ಹೆದರಿದವರಿಗೆ ಧೈರ್ಯ ಹೇಳುವ ಯೋಗ್ಯತೆ ಇದೆ ಎಂದುಕೊಂಡಿದ್ದೇನೆ.

ನಾನು ಹೇಳುವುದು ಇಷ್ಟೇ: ಡೆಬಿಟ್ ಬೈಗುಳವಲ್ಲ, ಕ್ರೆಡಿಟ್ ಬಹುಮಾನವಲ್ಲ. ಅವು ಪುಟದ ಎರಡು ಬದಿಗಳು. ನಾವು ಡೆಬಿಟ್ಟನ್ನು ನಾವೆ ಎನ್ನುತ್ತಿದ್ದೆವು, ಕ್ರೆಡಿಟ್ಟನ್ನು ಜಮಾ. ಗಿರಾಕಿಯ ಖಾತೆ ಡೆಬಿಟ್ ಬಾಕಿ ತೋರಿಸಿದರೆ ಅವನು ನಮಗೆ ಕೊಡಬೇಕು. ಕ್ರೆಡಿಟ್ ಬಾಕಿ ತೋರಿಸಿದರೆ ನಾವು ಅವನಿಗೆ ಕೊಡಬೇಕು. ಬ್ಯಾಂಕಿನ ಪುಸ್ತಕವನ್ನು ಬ್ಯಾಂಕು ತನ್ನ ಕಡೆ ಕೂತು ಬರೆಯುತ್ತದೆ. ನಿಮ್ಮ ದುಡ್ಡು ಅಲ್ಲಿ ಕ್ರೆಡಿಟ್ ಆಗಿರುವುದು, ಅದು ನಿಮಗೆ ಕೊಡಬೇಕಾದ ಹಣ ಎಂದು ಬ್ಯಾಂಕೇ ಒಪ್ಪಿಕೊಂಡಿರುವುದರಿಂದ. ಸವಕಳಿ ಎಂದರೇನು ಎಂದು ಕೇಳಿದವರಿಗೆ ಮಾತು ಬೇಕಿಲ್ಲ, ನನ್ನ ಮೊಣಕಾಲು ತೋರಿಸುತ್ತೇನೆ.

ಹೋದ ತಿಂಗಳು ಪಕ್ಕದ ಮನೆಯ ಸುವರ್ಣಾ ಬಂದಿದ್ದಳು. ಶಾಲೆಯಲ್ಲಿ ಗಣಿತ ಕಲಿಸುವ ಹುಡುಗಿ. ನನ್ನ ಪ್ರವಚನ ಪೂರ್ತಿ ಕೇಳಿ, "ಅದೆಲ್ಲಾ ಖರೆ ಕಾಕಾ. ಬರಿಯೋರೇ ತಪ್ಪು ಬರದ್ರ? ಯಾರ ಹೆಸರಿಗೆ ಬಿತ್ತೋ ಅವರೇ ಅನುಭವಿಸಬೇಕೇನು?" ಎಂದಳು.

"ಹಂಗೇನಿಲ್ಲ, ತಿದ್ದತಾರ" ಎಂದೆ. ಅವಳು ಸಮಾಧಾನದಿಂದ ಹೋದಳು. ನಾನು ಕಟ್ಟೆಯ ಮೇಲೆಯೇ ಕೂತಿದ್ದೆ.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಹೊಸಬರು ದುಡ್ಡು ಕೊಟ್ಟರೆ ರಸೀತಿ. ಹಳಬರಿಗೆ ಇಲ್ಲ. ಹಳೆಯ ಗಿರಾಕಿಗೆ ರಸೀತಿ ಹರಿದುಕೊಟ್ಟರೆ ನಿನ್ನ ಮೇಲೆ ನಂಬಿಕೆ ಇಲ್ಲ ಎಂದಂತೆ. ಅವನೇ ಕೇಳಿದರೆ ಅಂಗಡಿಯ ಮಾಲೀಕ ಸಾವಕಾರರಿಗೆ ಅವಮಾನ ಮಾಡಿದಂತೆ. ಕಮಲಾಪುರದ ದರ್ಜಿ ಶರಣಪ್ಪ ಬಹಳ ಹಳಬ. ಉದ್ರಿ ಬಟ್ಟೆ ಒಯ್ದು, ಹೊಲಿದು ಮಾರಿ, ತಪ್ಪದೆ ತಂದುಕೊಡುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಅವನು ಕೊಟ್ಟ ನಾಲ್ಕು ಸಾವಿರದ ಆರುನೂರು ರೂಪಾಯಿಯನ್ನು ನಾನು ಅವನ ಖಾತೆಯಲ್ಲಿ ಜಮಾ ಬದಿಗೆ ಬರೆಯುವ ಬದಲು ನಾವೆ ಬದಿಗೆ ಬರೆದೆ. ತೀರಬೇಕಿದ್ದ ಸಾಲ ತೀರುವ ಬದಲು ಇಮ್ಮಡಿಯಾಗಿ ಕೂತಿತು.

ದೀಪಾವಳಿಗೆ ಲೆಕ್ಕ ಮುಗಿಸುವಾಗ ಒಂಬತ್ತು ಸಾವಿರದ ಇನ್ನೂರು ತಾಳೆಯಾಗಲಿಲ್ಲ. ಇದಕ್ಕೆ ಮುನೀಮರಲ್ಲಿ ಒಂದು ಹಳೆಯ ಉಪಾಯವಿದೆ: ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತವನ್ನು ಪುಸ್ತಕದಲ್ಲಿ ಹುಡುಕಿದರೆ ಬದಿ ತಪ್ಪಿದ ನಮೂದು ಸಿಗುತ್ತದೆ. ನನಗೆ ಗೊತ್ತಿತ್ತು. ಆದರೆ ಹೊಸ ಪುಸ್ತಕದ ಪೂಜೆಗೆ ಕಾಯಿ ಒಡೆಯುವ ಹೊತ್ತು, ಸಾವಕಾರರು ಎರಡು ಸಲ ಕೂಗಿದ್ದರು. ಅಷ್ಟೂ ಮೊತ್ತವನ್ನು ಅನಾಮತ್ ಖಾತೆಗೆ ಹಾಕಿಬಿಟ್ಟೆ. ಎಲ್ಲಿಗೂ ಸೇರದ ಲೆಕ್ಕ ಸದ್ಯಕ್ಕೆ ತಂಗುವ ಧರ್ಮಶಾಲೆ ಅದು.

ಬಾಕಿ ಕೇಳಿದಾಗ ಶರಣಪ್ಪ "ಕೊಟ್ಟೀನಲ್ರಿ, ನಿಮ್ಮ ಕೈಯಾಗೇ ಕೊಟ್ಟೀನಿ" ಎಂದ. ನಾನು ಪುಸ್ತಕ ತಿರುಗಿಸಿ ತೋರಿಸಿದೆ. ಅವನು ಎರಡು ಕಂತಿನಲ್ಲಿ ಒಂಬತ್ತು ಸಾವಿರದ ಇನ್ನೂರೂ ತಂದುಕೊಟ್ಟ. ಮರುವರ್ಷ ಪುರುಸೊತ್ತಿನಲ್ಲಿ ಅರ್ಧ ಮಾಡಿ ನೋಡಿದೆ. ನನ್ನದೇ ದುಂಡಗಿನ ಅಕ್ಷರ ಎದುರಿಗೆ ಬಂತು. ಅನಾಮತ್ ಖಾತೆಯಲ್ಲಿ ಕೂತಿದ್ದು ಶರಣಪ್ಪನ ದುಡ್ಡು. ಹೇಳಿದ್ದರೆ ಸಾವಕಾರರು ಅವತ್ತೇ ವಾಪಸ್ ಕೊಡುತ್ತಿದ್ದರು, ಒಳ್ಳೆಯ ಮನುಷ್ಯ. ಆದರೆ ನಮ್ಮ ಮುನೀಮನ ಲೆಕ್ಕದಲ್ಲಿ ಒಂದು ಪೈಸೆ ಆಚೀಚೆ ಆಗುವುದಿಲ್ಲ ಎಂದು ಅವರು ಊರಲ್ಲೆಲ್ಲ ಹೇಳಿಕೊಂಡಿದ್ದರು. ಆ ಹೆಸರು ಉಳಿಯಲೆಂದು ಹಣವನ್ನು ಲಾಭಕ್ಕೆ ತಿರುಗಿಸಿದೆ. ಆ ವರ್ಷ ಲಾಭ ಚೆನ್ನಾಗಿತ್ತೆಂದು ನನಗೊಂದು ಸಫಾರಿ ಬಟ್ಟೆ ಸಿಕ್ಕಿತು. ಹೊಲಿಯಲು ಬೇರೆ ದರ್ಜಿಗೆ ಕೊಟ್ಟೆ.

ಈಗ ಸಾವಕಾರರಿಲ್ಲ, ಅಂಗಡಿಯೂ ಇಲ್ಲ. ಸುವರ್ಣಾ ಬಂದುಹೋದ ನಾಲ್ಕನೆಯ ದಿನ ನನ್ನ ಖಾತೆಯಿಂದ ಅಸಲು, ಬಡ್ಡಿ ಎರಡೂ ತೆಗೆದು ಕಮಲಾಪುರದ ಬಸ್ಸು ಹತ್ತಿದೆ. ಬರಿಗೈಯಲ್ಲಿ ಹೇಗೆ ಹೋಗುವುದೆಂದು ಅಲ್ಲಿ ಇಳಿದು ಕೆಂಪು ಬಾಳೆಹಣ್ಣು ಕೊಂಡೆ. ಕಮಲಾಪುರದ ಬಾಳೆಹಣ್ಣನ್ನು ಕಮಲಾಪುರದವನಿಗೇ ಒಯ್ದೆ. ತಪ್ಪು ಮಾಡಿದವನ ಬುದ್ಧಿ ಅಷ್ಟೇ ಓಡುತ್ತದೆ.

ಶರಣಪ್ಪ ಪಡಸಾಲೆಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದ. "ಓಹೋ ಮುನೀಮರು! ಹಾದಿ ತಪ್ಪಿ ಬಂದ್ರೇನ್ರಿ? ಬರ್ರಿ, ಕುಂದರ್ರಿ" ಎಂದ. ನಾನು ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಕೂತರೆ ಮತ್ತೆ ಬೇರೆ ಮಾತು ಶುರುವಾಗುತ್ತದೆಂಬ ಹೆದರಿಕೆ.

ಅವನು ದಾರವನ್ನು ಹಲ್ಲಿನಿಂದ ಕಡಿದ. "ನಾ ಕೊಟ್ಟಿದ್ದು ನನಗ ಗೊತ್ತಿರಂಗಿಲ್ಲೇನ್ರಿ?"

"ಮತ್ತ ಇನ್ನೊಮ್ಮೆ ಯಾಕ ಕೊಟ್ಟಿ?"

"ಮುಂದ ಮದಿವಿ ಸುಗ್ಗಿ ಇತ್ತು. ನೀವು ಅರಿವಿ ಕೊಡಲಿಲ್ಲಂದ್ರ ನಾ ಏನು ಹೊಲೀಲಿ? ನಿಮ್ಮ ಪುಸ್ತಕ ದೊಡ್ಡದು, ನನ್ನ ಬಾಯಿ ಸಣ್ಣದು." ನಾನು ಲಕೋಟೆ ಮುಂದೆ ಇಟ್ಟೆ. ಅವನು ಬೆರಳಿಗೆ ಉಗುಳು ಹಚ್ಚಿ, ನಿಧಾನವಾಗಿ, ಎರಡು ಸಲ ಎಣಿಸಿದ. "ತಪ್ಪು ತಿಳೀಬ್ಯಾಡ್ರಿ. ನಿಮ್ಮ ಲೆಕ್ಕ ಅಂದ ಮ್ಯಾಲ ನೋಡಬೇಕಾಗತದ."

ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಅವನು ಒಳಗೆ ತಿರುಗಿ ಕೂಗಿದ: "ಕಾಶೀಬಾಯಿ, ಹೊರಗ ಬಾ! ಮುನೀಮರ, ಈಗ ಹೇಳಿದ್ದೆಲ್ಲಾ ಈಕಿ ಮುಂದ ಇನ್ನೊಮ್ಮೆ ಹೇಳ್ರಿ."

ಅವನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಆ ದುಡ್ಡನ್ನು ಗಂಡ ಕದ್ದುಮುಚ್ಚಿ ತಮ್ಮನಿಗೆ ಕೊಟ್ಟಿದ್ದಾನೆ, ಅಂಗಡಿಯ ಹೆಸರು ಹೇಳಿ ಸುಳ್ಳು ಹೇಳುತ್ತಿದ್ದಾನೆ ಎಂದು ಅವಳು ಇಪ್ಪತ್ತೆರಡು ವರ್ಷದಿಂದ ನಂಬಿದ್ದಳಂತೆ. ಮೈದುನನ ಮನೆಯ ಮದುವೆಗೂ ಹೋಗಿರಲಿಲ್ಲವಂತೆ. ನಾನು ಎರಡನೆಯ ಸಲ ಹೇಳಿದೆ. ಮೊದಲನೆಯ ಸಲಕ್ಕಿಂತ ಇದು ಕಷ್ಟವಾಯಿತು.

ಅವಳು ನನ್ನನ್ನೇ ನೋಡಿದಳು. "ರೊಕ್ಕ ತಂದೀರಿ, ಬಡ್ಡಿನೂ ತಂದೀರಿ. ಇಷ್ಟು ವರ್ಷ ನಾ ಇವರಿಗೆ ಅಂದಿದ್ದು, ಆಡಿದ್ದು, ಅದನ್ನ ಯಾವ ಖಾತೇಕ ಬರೀತೀರ್ರಿ?"

ಓಣಿಗೆಲ್ಲ ಅರ್ಥ ಹೇಳುವ ನಾನು ಕೈ ಮುಗಿದೆ. ತಪ್ಪಾಯಿತು ಎಂದೆ. ಶರಣಪ್ಪ ಅವಳ ಕಡೆ ನೋಡದೆ ಸೂಜಿಗೆ ದಾರ ಪೋಣಿಸುತ್ತಿದ್ದ. ದಾರ ಸೂಜಿಯ ಕಣ್ಣಿಗೆ ಸಿಗದೆ ಅತ್ತಿತ್ತ ಹೋಗುತ್ತಿತ್ತು. ಕಾಶೀಬಾಯಿ ಕೈ ಒರೆಸಿಕೊಂಡು ಸೂಜಿಯನ್ನು ಅವನಿಂದ ಇಸಿದುಕೊಂಡಳು, ಪೋಣಿಸಿ ಕೊಟ್ಟಳು, ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಚಹಾ ಬಂತು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕೊಡುವುದು ರೂಢಿ. ಅವಳು ನನ್ನನ್ನು ದಾಟಿ ಹೋಗಿ ಗಂಡನ ಕೈಗೆ ಮೊದಲ ಕಪ್ಪು ಕೊಟ್ಟಳು, ಅವನು ಒಂದು ಗುಟುಕು ಕುಡಿಯುವವರೆಗೂ ಅಲ್ಲೇ ನಿಂತಿದ್ದಳು. ನನ್ನ ಕಪ್ಪು ಆಮೇಲೆ ಬಂತು, ಅರ್ಧ ಆರಿತ್ತು. ನಾನು ಪೂರ್ತಿ ಕುಡಿದೆ.