ಮಾವನಿಗೊಂದು ಬೈನಾಕ್ಯುಲರ್

ಮಾಲೂರು ರೈಲ್ವೆ ಸ್ಟೇಷನ್ನಿನಲ್ಲಿ ಪೊಲೀಸರು ಬ್ಯಾಗ್ ತೆರೆಸಿ, "ಇದೇನ್ರೀ, ಯಾರ ಮನೆ ನೋಡೋಕೆ?" ಎಂದು ಕೇಳಬಹುದಿತ್ತು. ರೈಲಿನ ನೂಕುನುಗ್ಗಲಿಗೆ ಗಾಜು ಒಡೆಯಬಹುದಿತ್ತು. ಅಂಗಡಿಯವನು ಆಟಿಕೆ ಸಾಮಾನನ್ನೇ ಒಳ್ಳೆಯ ಡಬ್ಬಿಯಲ್ಲಿಟ್ಟು ಕೊಟ್ಟಿರಬಹುದಿತ್ತು. ಗುಡ್ಡದ ಮೇಲೆ ನಮ್ಮನ್ನು ಕಂಡು ಅರಣ್ಯ ಇಲಾಖೆಯ ಜೀಪು ಬರಬಹುದಿತ್ತು. ನಾನು ಬಂಡೆಯಿಂದ ಜಾರಿ ಮೊಣಕಾಲು ಮುರಿದುಕೊಳ್ಳಬಹುದಿತ್ತು, ಅದರ ವಿಡಿಯೊ ಊರಿನ ವಾಟ್ಸ್ಯಾಪ್ ಗ್ರೂಪಿನಲ್ಲಿ ಓಡಾಡಬಹುದಿತ್ತು. ನಮ್ಮ ಮಾವ ಬೈನಾಕ್ಯುಲರಿನಲ್ಲಿ ನೇರವಾಗಿ ಸೂರ್ಯನನ್ನೇ ನೋಡಿಬಿಡಬಹುದಿತ್ತು.

ಯಾವುದೂ ಆಗಲಿಲ್ಲ. (ನಾನು ಚಿಂತೆ ಮಾಡಿದ್ದು ಯಾವತ್ತೂ ಆಗುವುದಿಲ್ಲ. ಅದಕ್ಕೇ ಬಿಡದೆ ಚಿಂತೆ ಮಾಡುತ್ತೇನೆ. ಒಂಥರಾ ಇನ್ಶೂರೆನ್ಸ್.)

ಬೈನಾಕ್ಯುಲರ್ ಬೇಕೆಂದವರು ವಕ್ಕಲೇರಿ ಕಡೆಯ ನನ್ನ ಸೋದರಮಾವ ಮುನಿಶಾಮಪ್ಪ. ಯಾತಕ್ಕೆ? ಬೇಟೆಗೆ.

ಗಾಬರಿಯಾಗಬೇಡಿ. ಬೇಟೆಯಾಡಬಾರದೆಂಬ ಕಾನೂನು ಮಾವನಿಗೂ ಗೊತ್ತು, ಊರಿಗೂ ಗೊತ್ತು. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಊರ ಗಂಡಸರು ಬಲೆ, ದೊಣ್ಣೆ ಹಿಡಿದು ಮೊಲದ ಬೇಟೆಗೆ ಹೋಗುತ್ತಿದ್ದ ಕಾಲವೊಂದಿತ್ತು. ಬಲೆಗಳು ಅಟ್ಟ ಸೇರಿ ಎಷ್ಟೋ ಕಾಲವಾಯಿತು. ಹೋಗುವುದು ಮಾತ್ರ ನಿಂತಿಲ್ಲ. ಈಗಲೂ ಆವತ್ತು ಬೆಳಿಗ್ಗೆ ಎಲ್ಲರೂ ಬರಿಗೈಯಲ್ಲಿ ಗುಡ್ಡ ಹತ್ತುತ್ತಾರೆ. ಬಂಡೆಯ ಮೇಲೆ ಒಬ್ಬ ನಿಂತು ಮೊಲ ಹುಡುಕುತ್ತಾನೆ. ಕಂಡರೆ "ಅಗೋ!" ಎಂದು ಕೂಗುತ್ತಾನೆ. ಉಳಿದವರು ಶಿಳ್ಳೆ ಹಾಕುತ್ತಾರೆ, ಮೊಲ ಓಡಿಹೋಗುತ್ತದೆ, ಇವರು ಮನೆಗೆ ಬಂದು ಅಂಗಡಿಯಿಂದ ತಂದ ಮಟನ್ನಿನ ಸಾರು ಉಣ್ಣುತ್ತಾರೆ. ಬೇಟೆ ಅಂದರೆ ಈಗ ಇಷ್ಟೇ.

ಆ ಬಂಡೆಯ ಮೇಲೆ ನಿಲ್ಲುವವರು, ನನಗೆ ಬುದ್ಧಿ ಬಂದಾಗಿನಿಂದ, ನಮ್ಮ ಮಾವ.

ಹೋದ ವರ್ಷ ಎಡವಟ್ಟಾಯಿತು. ಮಾವ "ಅಗೋ!" ಎಂದು ಕೂಗಿದ್ದು ಮೊಲವನ್ನು ಕಂಡಲ್ಲ. ಯಾರದೋ ಟೊಮೇಟೊ ತೋಟದಿಂದ ಹಾರಿಬಂದು ಪೊದೆಗೆ ಸಿಕ್ಕಿಕೊಂಡಿದ್ದ ಮಲ್ಚಿಂಗ್ ಶೀಟಿನ, ಅಂದರೆ ಪಾತಿಗೆ ಹೊದಿಸುವ ಪ್ಲಾಸ್ಟಿಕ್ಕಿನ, ಚೂರನ್ನು ಕಂಡು. ಊರು ನಕ್ಕಿತು. ಮಾವನ ಗೆಳೆಯ ವೆಂಕಟೇಶಪ್ಪ ಡೇರಿಯ ಮುಂದೆ ಸಿಕ್ಕಾಗಲೆಲ್ಲ ಕೇಳುತ್ತಿದ್ದರಂತೆ: "ಏನ್ಲಾ ಮುನಿಶಾಮಿ, ಪ್ಲಾಸ್ಟಿಕ್ ಸಾರಿಗೆ ಮಸಾಲೆ ಯಾವ್ದು ಹಾಕ್ಸ್ದೆ?"

ಮಾವ ನನಗೆ ಫೋನ್ ಮಾಡಿದರು.

"ಅಳಿಯಾ, ಈ ಸಲ ತೊಡಕಿಗೆ ಒಂದು ದುರ್ಬೀನು ಬೇಕು ಕಣೋ. ಇನ್ನೊಂದ್ಸಲ ತಪ್ ಕೂಗಿದ್ರೆ ಬಂಡೆ ಬೇರೆಯೋರಿಗೆ ಅಂತ ಮಾತಾಡ್ಕೊಂಡವ್ರೆ."

"ಕಣ್ಣು ತೋರಿಸಿದ್ರಾ ಮಾವ?"

"ತೋರ್ಸ್ದೆ. ಕನ್ನಡಕ ಕೊಟ್ಟವ್ರೆ. ಎದುರಿಗೆ ಕೂತ್ರೆ ನಿಮ್ಮತ್ತೆ ಚೆನ್ನಾಗಿ ಕಾಣ್ತಾಳೆ. ಮೊಲ ಏನು ನಿಮ್ಮತ್ತೆ ಪಕ್ದಾಗೆ ಬಂದು ಕೂತ್ಕೊಳ್ತದಾ?"

ಸರಿ, ನನಗೊಂದು ಹೊಸ ಚಿಂತೆ ಸಿಕ್ಕಿತು. ಎಂಟರದ್ದೋ, ಹತ್ತರದ್ದೋ, ಹನ್ನೆರಡರದ್ದೋ? ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಎನ್ನುವುದಕ್ಕೆ ಈ ನಂಬರ್. ಗುಡ್ಡ ಹತ್ತುವ ಮುದುಕರ ಕೊರಳಿಗೆ ಭಾರವಾಗದೇ? ಬೆವರಿಗೆ ಗಾಜು ಮಂಜಾಗದೇ? ಕನ್ನಡಕದ ಮೇಲೆ ಇಟ್ಟುಕೊಂಡರೆ ಕಾಣುತ್ತದೆಯೇ? ದಿನವೂ ರೈಲಿನಲ್ಲಿ ಆಫೀಸಿಗೆ ಹೋಗಿ ಬರುತ್ತ ಮೊಬೈಲಿನಲ್ಲಿ ಇದೇ ಓದು. ಹೆಂಡತಿ ಕೇಳಿದಳು, "ಮೊಲ ನೋಡೋಕಾ, ಚಂದ್ರನ ಮೇಲೆ ಇಳಿಯೋಕಾ?"

ಕೊನೆಗೆ ಹನ್ನೆರಡರದ್ದೇ ತಂದೆ. ಕಣ್ಣು ಮಂಜಾದವರಿಗೆ ದೊಡ್ಡ ನಂಬರ್ ತಾನೇ ಬೇಕು?

ತೊಡಕಿನ ಬೆಳಿಗ್ಗೆ. ಬಂಡೆಯ ಮೇಲೆ ಮಾವ, ಪಕ್ಕದಲ್ಲಿ ನಾನು. ಕೆಳಗೆ ಊರು. ನರಸಾಪುರದ ಫ್ಯಾಕ್ಟರಿಗಳಲ್ಲಿ ನೈಟ್ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಿಂದ ನೇರ ಬಂದವರು ಕೊರಳಿನ ಐಡಿ ಕಾರ್ಡ್ ಸಮೇತ ಆಕಳಿಸುತ್ತ ನಿಂತಿದ್ದರು.

"ಲೇ ಮುನಿಶಾಮಿ," ವೆಂಕಟೇಶಪ್ಪ ಕೂಗಿದರು, "ದುರ್ಬೀನಾಗೆ ಪ್ಲಾಸ್ಟಿಕ್ಕು ಇನ್ನೂ ದೊಡ್ದಾಗಿ ಕಾಣ್ತದಂತೆ, ಉಸಾರು!"

ಎಲ್ಲರೂ ನಕ್ಕರು. ಮಾವನೂ ನಕ್ಕರು. ಆಮೇಲೆ ಬೈನಾಕ್ಯುಲರ್ ಎತ್ತಿ ಕಣ್ಣಿಗಿಟ್ಟುಕೊಂಡರು.

ಟಿಕ್ ಟಿಕ್ ಟಿಕ್. ಸಣ್ಣ ಸದ್ದು. ಏನೆಂದು ನೋಡಿದರೆ, ಬೈನಾಕ್ಯುಲರಿನ ಅಂಚು ಮಾವನ ಕನ್ನಡಕಕ್ಕೆ ತಾಗುತ್ತಿತ್ತು. ತಾಗುತ್ತಲೇ ಇತ್ತು. ಅವರ ಎರಡು ಕೈಯೂ ನಡುಗುತ್ತಿದ್ದವು. ಬೆಳಿಗ್ಗೆ ಅತ್ತೆ ಅವರಿಗೆ ಅರ್ಧ ಲೋಟ ಮಾತ್ರ ಕಾಫಿ ಬಗ್ಗಿಸಿದ್ದು ಯಾಕೆಂದು ಆಗ ಹೊಳೆಯಿತು. ನಾನು ಶುಗರ್ ಇರಬೇಕು ಅಂದುಕೊಂಡಿದ್ದೆ.

"ಗುಡ್ಡ ನಿಲ್ತಾ ಇಲ್ಲ ಕಣೋ," ಎಂದರು ಮಾವ, ನನಗೊಬ್ಬನಿಗೇ ಕೇಳುವ ಹಾಗೆ.

ಇಸಿದುಕೊಂಡು ನೋಡಿದೆ. ಗುಡ್ಡ ನಿಂತೇ ಇತ್ತು. ಕಾರೆ ಪೊದೆಯ ಪಕ್ಕ ಒಂದು ಮೊಲ, ಕಿವಿ ನೆಟ್ಟಗೆ ಮಾಡಿಕೊಂಡು, ಬಾಯಾಡಿಸುತ್ತ ಕೂತಿತ್ತು. ಮತ್ತೆ ಮಾವನ ಕಣ್ಣಿಗಿಟ್ಟು, ಅವರ ಕೈಗಳ ಕೆಳಗೆ ನನ್ನ ಕೈ ಕೊಟ್ಟೆ. ಅವರ ನಡುಕ ನನ್ನ ಕೈಗೂ ಬಂತು, ಅಷ್ಟೇ.

"ಮಾವ, ಕಾರೆ ಪೊದೆ ಹತ್ರ, ಎಡಗಡೆ," ಪಿಸುಗುಟ್ಟಿದೆ. "ಕೂಗಿಬಿಡಿ."

"ನಿಂಗೆ ಕಂಡೈತೆ. ನಂಗೆ ಕಂಡಿಲ್ವಲ್ಲೋ."

ಮಾವ ಬೈನಾಕ್ಯುಲರಿನ ಪಟ್ಟಿಯನ್ನು ಕೊರಳಿಂದ ತೆಗೆದರು. "ಲೇ ವೆಂಕಟೇಶಾ, ಬಾರ್ಲಾ ಮೇಲಕ್ಕೆ."

ವೆಂಕಟೇಶಪ್ಪ ಬಂದರು. ಮಾವನ ಕೈ ನೋಡಿದರು. "ನೀನೇ ನಿಲ್ಲೋ. ಪ್ಲಾಸ್ಟಿಕ್ಕಾದ್ರೂ ಕೂಗು, ನಾವು ಶಿಳ್ಳೆ ಹಾಕ್ತೀವಿ," ಎಂದರು.

ಮಾವ ಬೈನಾಕ್ಯುಲರನ್ನು ಅವರ ಕೊರಳಿಗೆ ಹಾಕಿ ಬಂಡೆ ಇಳಿದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ "ಅಗೋ!" ಕೇಳಿತು. ಊರೆಲ್ಲ ಶಿಳ್ಳೆ. ಮಾವನೂ ಬಾಯಿಗೆ ಬೆರಳಿಟ್ಟು ಜೋರಾಗಿ ಶಿಳ್ಳೆ ಹಾಕಿದರು, ಮೊಲ ಓಡಿದ ದಿಕ್ಕು ಬಿಟ್ಟು ಇನ್ನೊಂದು ದಿಕ್ಕಿಗೆ ಮುಖ ಮಾಡಿಕೊಂಡು.

(ಆಮೇಲೆ ಯೂಟ್ಯೂಬಿನಲ್ಲಿ ನೋಡಿ ತಿಳಿದದ್ದು: ನಂಬರ್ ಹೆಚ್ಚಾದಷ್ಟೂ ಕೈಯ ಅಲುಗಾಟವೂ ಹೆಚ್ಚಾಗಿ ಕಾಣುತ್ತದಂತೆ. ಕೈಯಲ್ಲಿ ಹಿಡಿದು ನೋಡುವವರಿಗೆ ಎಂಟೇ ಧಾರಾಳವಂತೆ. ಕಣ್ಣಿನ ಬಗ್ಗೆ ಅಷ್ಟೆಲ್ಲ ತಲೆ ಕೆಡಿಸಿಕೊಂಡವನಿಗೆ ಮಾವನಿಗೆ ಕೈಯೂ ಇದೆ ಎನ್ನುವುದು ನೆನಪಾಗಿರಲಿಲ್ಲ. ಆದರೂ ಕೇಳುತ್ತೇನೆ, ಎಂಟರದ್ದು ತಂದಿದ್ದರೆ ಕೈ ನಡುಗುವುದು ನಿಲ್ಲುತ್ತಿತ್ತೇ?)

ಊಟ ಮುಗಿಸಿ ಹೊರಟಾಗ ಮಾವ ಬಸ್‌ಸ್ಟಾಪಿನ ತನಕ ಬಂದರು. ಡಬ್ಬಿಯನ್ನು ಅವರೇ ನನ್ನ ಬ್ಯಾಗಿಗೆ ತುರುಕಿದರು. ಜಿಪ್ ಎಳೆಯಲು ಹೋಗಿ, ಬಿಟ್ಟು, ಬ್ಯಾಗನ್ನು ನನ್ನ ಕಡೆ ತಳ್ಳಿದರು.

"ಪೀಸು ಸರಿಯಿಲ್ಲ ಅಳಿಯಾ. ಬದಲಾಯಿಸ್ಕೊಂಡು ಬಾ. ಮುಂದಿನ ತೊಡಕಿಗೆ ಬಂಡೆ ವಾಪಸ್ ಇಸ್ಕೊಳ್ತೀನಿ."

"ಹೂಂ ಮಾವ," ಎಂದೆ. "ಅಂಗಡಿಯವನು ಮೋಸ ಮಾಡಿದಾನೆ."

ವಾರ ಕಳೆದರೂ ಡಬ್ಬಿ ನನ್ನ ಬ್ಯಾಗಿನಲ್ಲೇ ಇದೆ. ಅಂಗಡಿಗೆ ಹೋಗಿ ಏನಂತ ಹೇಳಲಿ? ಗುಡ್ಡ ನಿಲ್ಲುತ್ತಿಲ್ಲ, ಬದಲಾಯಿಸಿಕೊಡಿ ಎಂದೇ?