ಬೊಬ್ಬೆಗೆ ಮೊದಲಿನ ಉಸಿರು

ಸೀತಾಂಗೋಳಿಯ ನಮ್ಮ ನೆರೆಮನೆಯಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರಿದ್ದರು. ಸಂಜೆ ಧಾರಾವಾಹಿ ನೋಡಲು ನಮ್ಮಲ್ಲಿಗೇ ಬಂದು ಮೂಲೆಯ ಮಣೆಯಲ್ಲಿ ಕೂರುತ್ತಿದ್ದರು. ಮಡಿಲಲ್ಲಿ ಬೀಡಿಯ ಮೊರ, ಅದರ ಅಂಚಿನಲ್ಲಿ ನಮ್ಮ ರಿಮೋಟ್. ಎಲೆ ಸುತ್ತುತ್ತಿದ್ದ ಹೆಬ್ಬೆರಳು ತಟ್ಟನೆ ಹೋಗಿ ಸೌಂಡ್ ಇಳಿಸುತ್ತಿತ್ತು. ಜಾಹೀರಾತು ಬರುತ್ತಿದ್ದದ್ದು ಆಮೇಲೆ.

"ನಿಮಗೆ ಮೊದಲೇ ಹೇಗೆ ಗೊತ್ತಾಗ್ತದೆ ಮಾರಾಯ್ರೆ?"

"ಬೊಬ್ಬೆ ಹಾಕುವ ಮೊದಲು ಈ ಟಿವಿ ಒಂದು ಉಸಿರು ತೆಗೀತದೆ. ನಿಮಗೆ ಕೇಳುದಿಲ್ವಾ?"

ನಮಗೆ ಯಾರಿಗೂ ಕೇಳುತ್ತಿರಲಿಲ್ಲ. ನನ್ನ ಪುಟ್ಟ ಮೊಮ್ಮಗಳಿಗಂತೂ ಪಕ್ಕದಲ್ಲೇ ಪಾತ್ರೆ ಬಿದ್ದರೂ ಕೇಳುತ್ತಿರಲಿಲ್ಲ. ಅದಕ್ಕಾಗಿ ನನ್ನ ಮಗಳು ಅತ್ತಾಗ ಅಕ್ಕ, "ಅಳ್ಬೇಡ ಮಗಾ, ಆ ಉಸಿರು ಕೇಳ್ಲಿಕ್ಕೆ ಇವಳಿಗೆ ನಾನು ಕಲಿಸ್ತೇನೆ" ಎಂದಿದ್ದರು. ಕಲಿಸುವ ಮೊದಲೇ ತೀರಿಕೊಂಡರು.

ಮೊನ್ನೆ ಸಂಜೆ ಮೊಮ್ಮಗಳು ಆಟ ಬಿಟ್ಟು ಆ ಖಾಲಿ ಮಣೆಯ ಕಡೆ ತಿರುಗಿ ನಕ್ಕಳು. ಮರುಕ್ಷಣ ಜಾಹೀರಾತು ಅಬ್ಬರಿಸಿತು. ಮುಂದಿನ ಸಲವೂ ಹಾಗೆಯೇ, ಮತ್ತೊಮ್ಮೆಯೂ ಹಾಗೆಯೇ.

"ಅಮ್ಮಾ, ಇವಳಿಗೆ ಕೇಳ್ತದೆ!" ಮಗಳು ಕಿರುಚಿದಳು. ಈ ಮುದಿ ಕಾಲಲ್ಲಿ ನಾನು ಕುಣಿದೇಬಿಟ್ಟೆ.

ಈಗ ರಿಮೋಟ್ ನನ್ನ ಕೈಯಲ್ಲಿ. ಮಗು ಆ ಮಣೆಯ ಕಡೆ ತಿರುಗಿ ನಕ್ಕ ಕೂಡಲೇ ಸೌಂಡ್ ಇಳಿಸುತ್ತೇನೆ. ಮಣೆಯನ್ನು ದಿನಾ ಒರೆಸಿ ಅಲ್ಲೇ ಇಡುತ್ತೇನೆ. ಅದರ ಮೇಲೆ ಯಾರನ್ನೂ ಕೂರಲು ಬಿಡುವುದಿಲ್ಲ.